ಕೈಕೊಡುವ ದಾರ

ಸೆಪ್ಟೆಂಬರ್ 2, ಮಂಗಳವಾರ

ಡಾಕ್ಟರು ಬಂದು ಹೋದರು. ನಮ್ಮ ಕುದುರೆ ಗುಡಾಣನ ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ, ಗೊರಸಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಕಾವು ನೋಡಿದರು. ಆಮೇಲೆ ಹೇಳಿದ್ದು ಇಷ್ಟು: "ಎರಡನೇ ಸಲ ಬಂದಿದೆ ಅಮ್ಮ. ಈ ಸಲ ಹೇಗೋ ಇಳಿಸ್ತೀನಿ. ಮೂರನೇ ಸಲ ಬಂದ್ರೆ ನನ್ನ ಹತ್ರ ಇರೋದು ಒಂದೇ ಇಂಜೆಕ್ಷನ್ನು. ಅದು ಯಾವುದು ಅಂತ ನಿಮಗೇ ಗೊತ್ತು."

ಗೊತ್ತು. ಗೊರಸಿನ ಉರಿ ಎಂದರೆ ಹಾಗೆಯೇ. ಅತಿಯಾಗಿ ತಿಂದದ್ದು ಮೈಗೆ ವಿಷವಾಗಿ ಕಾಲಿಗಿಳಿಯುತ್ತದೆ, ಗೊರಸಿನೊಳಗಿನ ಮೂಳೆ ಜರುಗುತ್ತದೆ. ಕುದುರೆಗೆ ನಿಲ್ಲಲಾಗುವುದಿಲ್ಲ, ನಿಲ್ಲಲಾಗದ ಕುದುರೆ ಬದುಕುವುದಿಲ್ಲ. ಇಷ್ಟಕ್ಕೆಲ್ಲ ಕಾರಣ ಅವನ ಹೊಟ್ಟೆಬಾಕತನ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡವನನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ನಾನು. ಆಗಲೂ ಹೀಗೇ, ಹಾಲಿನ ಜೊತೆ ಬಾಟಲಿಯ ರಬ್ಬರನ್ನೂ ಅಗಿದು ನುಂಗಿದ್ದ. ಹೊಟ್ಟೆ ನೋಡಿ ಗುಡಾಣ ಎಂದು ಹೆಸರಿಟ್ಟವರು ಇವರು. ಲಾಳ ಹೊಡೆಯುವವರಿಗೆ ಕುದುರೆಯ ಕಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎನ್ನುತ್ತಾರೆ. ನನ್ನ ಗಂಡನಿಗೆ ಹೊಟ್ಟೆಯೂ ಕಾಣುತ್ತದೆ.

ಇನ್ನು ಮೇಲೆ ಹಸಿ ಮೇವಿಲ್ಲ, ಕಾಳಿಲ್ಲ. ತೂಗಿ ಕೊಟ್ಟ ಒಣಹುಲ್ಲು ಮಾತ್ರ. ಅದನ್ನೂ ಒಂದೇ ಉಸಿರಿಗೆ ಮುಗಿಸಬಾರದು, ಹೊಟ್ಟೆ ಖಾಲಿಯೂ ಇರಬಾರದು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ನೇತುಹಾಕಬೇಕಂತೆ. ಒಂದೊಂದೇ ಎಸಳು ಎಳೆದೆಳೆದು ದಿನವಿಡೀ ತಿನ್ನುತ್ತಿರಬೇಕು.

"ಒಳ್ಳೇ ಗಟ್ಟಿ ಬಲೆ ತಗೊಳ್ಳಿ," ಎಂದರು ಡಾಕ್ಟರು ಹೊರಡುವಾಗ.

ಗಟ್ಟಿ ಸಾಮಾನು ಆರಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮನೆಯ ಹಿಟ್ಟಿನ ಡಬ್ಬದಿಂದ ಹಿತ್ತಿಲ ಬಾಗಿಲ ಚಿಲಕದವರೆಗೆ ನಾನು ಆರಿಸಿದ್ದು ಯಾವುದೂ ಇಂದಿಗೂ ಮುರಿದಿಲ್ಲ. ಗಂಡನನ್ನೂ ಸೇರಿಸಿ.

ಸೆಪ್ಟೆಂಬರ್ 5, ಶುಕ್ರವಾರ

ನಮ್ಮ ಹಳೆಯ ನೂಲಿನ ಬಲೆಯ ಕಣ್ಣುಗಳು ನನ್ನ ಮುಷ್ಟಿ ತೂರುವಷ್ಟು ದೊಡ್ಡವು. ನಾನು ಲಾಯ ಗುಡಿಸಿ ಮುಗಿಸುವಷ್ಟರಲ್ಲಿ ಗುಡಾಣ ಇಡೀ ದಿನದ ಹುಲ್ಲು ಮುಗಿಸಿ, ಪಕ್ಕದ ಅಜ್ಜಿಯ ಹುಲ್ಲಿನ ಕಡೆ ಕತ್ತು ಚಾಚಿದ್ದ. ಅಜ್ಜಿ ನಮ್ಮ ಇನ್ನೊಂದು ಕುದುರೆ, ಹಲ್ಲು ಸವೆದ ಮುದುಕಿ. ಒಂದು ತುತ್ತನ್ನು ಅಗಿಯುವಷ್ಟರಲ್ಲಿ ಅರ್ಧ ನಿದ್ದೆ ಮಾಡಿಬಿಡುತ್ತಾಳೆ.

ಮೇವಿನ ಅಂಗಡಿಯಿಂದ ಹಸಿರು ನೈಲಾನ್ ಬಲೆ ತಂದೆ. ಎರಡು ಬೆರಳು ಹೋಗುವ ಕಣ್ಣು. ಅದನ್ನು ಕಟ್ಟುವಾಗ ಇವರಿಗೂ ನನಗೂ ಸಣ್ಣ ಜಟಾಪಟಿ ಆಯಿತು. ಗೋಡೆಯಲ್ಲಿರುವ ಕಬ್ಬಿಣದ ಬಳೆಗೆ ಬಲೆಯ ಹಗ್ಗವನ್ನು ನೇರವಾಗಿ ಬಿಗಿದರೆ ಮುಗಿಯಿತಲ್ಲ? ಇವರು ಹಾಗೆ ಕಟ್ಟುವುದಿಲ್ಲ. ಹುಲ್ಲಿನ ಪಿಂಡಿಗೆ ಸುತ್ತಿ ಬರುತ್ತದಲ್ಲ ಕಚ್ಚಾ ದಾರ, ಅದರಿಂದ ಮೊದಲು ಬಳೆಗೆ ಒಂದು ಕುಣಿಕೆ ಹಾಕಿ, ಬಲೆಯನ್ನು ಆ ಕುಣಿಕೆಗೆ ಕಟ್ಟುತ್ತಾರೆ.

"ಬಳೆಗೂ ಬಲೆಗೂ ಮಧ್ಯೆ ಒಂದು ಕೈಕೊಡೋ ದಾರ ಇರ್ಬೇಕು ಕಣೇ."

"ಕೈಕೊಡೋದಾದ್ರೆ ಯಾಕ್ರೀ ಕಟ್ಟಬೇಕು?"

"ಕೈಕೊಡೋದೇ ಅದರ ಕೆಲಸ. ಕಾಲು ಗೀಲು ಸಿಕ್ಕಿಹಾಕ್ಕೊಂಡು ಗಾಬರೀಲಿ ಎಳೆದ ಅಂತಿಟ್ಕೋ, ದಾರ ಪಟ್ ಅನ್ಬೇಕು, ಅವನು ಬಿಡಿಸ್ಕೋಬೇಕು. ಬಲೆ ಗಟ್ಟಿ ಇರ್ಲಿ, ಬೇಡ ಅನ್ನಲ್ಲ. ಎಲ್ಲಾದ್ರೂ ಒಂದು ಕಡೆ ಸಡಿಲ ಇರ್ಬೇಕು."

ಲಾಳದವರ ಮಾತು. ನಕ್ಕುಬಿಟ್ಟೆ.

ಸೆಪ್ಟೆಂಬರ್ 9, ಮಂಗಳವಾರ

ಹಸಿರು ಬಲೆ ಒಂದು ವಾರವೂ ಬಾಳಲಿಲ್ಲ. ಬೆಳಿಗ್ಗೆ ಹೋದರೆ ಅದರ ನಡುವೆ ಬಕೆಟ್ಟು ತೂರುವಂಥ ತೂತು, ಹುಲ್ಲೆಲ್ಲ ನೆಲದ ಮೇಲೆ, ಗುಡಾಣನ ಬಾಯಿಯ ಅಂಚಿನಿಂದ ಹಸಿರು ಎಳೆಯೊಂದು ಇಳಿಬಿದ್ದಿದೆ. ಮುಖದಲ್ಲಿ ಮಾತ್ರ ಏನೂ ಅರಿಯದ ಮಳ್ಳತನ. ಬಾಯಿಗೆ ಬಂದಂತೆ ಬೈದೆ. ಕಿವಿ ಮುಂದೆ ಮಾಡಿ ಶ್ರದ್ಧೆಯಿಂದ ಕೇಳಿಸಿಕೊಂಡು, ಕೊನೆಗೆ ಮೂತಿಯನ್ನು ನನ್ನ ಕಂಕುಳಿಗೆ ತೂರಿಸಿದ. ನಗು ತಡೆಯಲಾಗಲಿಲ್ಲ. ಎಷ್ಟು ಬೆಳೆದರೂ ಕಂಕುಳ ಹುಡುಕುವುದು ತಪ್ಪಿಲ್ಲ ನನ್ನ ಮಗನಿಗೆ.

ಗೊರಸು ಮುಟ್ಟಿದೆ. ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು ಎಂದರು ಇವರು. ಬಿಸಿಲು ಇನ್ನೂ ಲಾಯದೊಳಗೆ ಬಂದಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಈ ವಾರ ಕ್ಯಾನ್ವಾಸ್ ಚೀಲ ನೋಡಿದ್ದಾಯಿತು. ಮುಂದೆ ಒಂದೇ ಕಿಂಡಿ ಇರುವಂಥದ್ದು. ಹೊಲಿಗೆ ಬಿಚ್ಚಿಹೋಯಿತು. ಎರಡು ನೈಲಾನ್ ಬಲೆಗಳನ್ನು ಒಂದರೊಳಗೊಂದು ಹಾಕಿ ನೋಡಿದೆ. ಆ ಉಪಾಯ ನನ್ನದು, ಹೆಮ್ಮೆಯಿಂದ ಬರೆಯುತ್ತಿದ್ದೇನೆ, ಬಲೆ ಹರಿಯಲೇ ಇಲ್ಲ. ಹರಿದದ್ದು ಇವರ ದಾರ. ಇಡೀ ಬಲೆಯನ್ನು ನೆಲಕ್ಕೆ ಕೆಡವಿ, ತುಳಿದು ಹಿಡಿದು, ಬಾಯಿ ಕಟ್ಟಿದ ಕಡೆಯಿಂದ ಹುಲ್ಲನ್ನು ಹೊರಗೆಳೆದು ತಿಂದು ಮುಗಿಸಿದ್ದ.

"ದಾರ ಅದರ ಕೆಲಸ ಮಾಡಿದೆ," ಎಂದರು ಇವರು.

"ನೀವಿಬ್ಬರೂ ಸೇರಿ ಅವನನ್ನ ಕೊಲ್ತೀರಿ," ಎಂದೆ.

ಡಾಕ್ಟರನ್ನು ಕರೆಸಿದೆವು. ಕಾಲಿನ ನಾಡಿ ಹಿಡಿದು ನೋಡಿ, "ಜೋರಾಗಿ ಬಡೀತಾ ಇದೆ. ಹುಷಾರು," ಎಂದು ಔಷಧಿ ಹೆಚ್ಚಿಸಿ ಹೋದರು. ಗುಡಾಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಹುಲ್ಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಭಯವಾಗಿದೆ. ಯಾರಿಗೂ ಹೇಳಲಾರೆ, ಇಲ್ಲಿ ಬರೆಯುತ್ತೇನೆ. ಅವನಿಲ್ಲದ ಲಾಯವನ್ನು ನೆನೆಸಿಕೊಳ್ಳಲೂ ಆಗುತ್ತಿಲ್ಲ.

ಸೆಪ್ಟೆಂಬರ್ 20, ಶನಿವಾರ

ಊರಾಚೆ ಒಬ್ಬ ಬಲೆ ಹೆಣೆಯುವವನಿದ್ದಾನೆ. ಆಟದ ಮೈದಾನಗಳಿಗೆ, ಹಡಗುಗಳಿಗೆ, ಲಾರಿಗಳಿಗೆಲ್ಲ ಅವನೇ ಹೆಣೆದುಕೊಡುವುದು. ಉದ್ದನೆಯ ಶೆಡ್ಡು, ತೊಲೆಗಳಿಂದ ಇಳಿಬಿದ್ದ ಬಲೆಗಳು. ಒಂದನ್ನು ಸರಿಸಿದರೆ ಇನ್ನೊಂದು ಮೈಗೆ ತಾಗುತ್ತದೆ. ಅವನೆಲ್ಲಿದ್ದಾನೆಂದು ಹುಡುಕುವುದೇ ಒಂದು ಕೆಲಸವಾಯಿತು.

"ಏನು ಹಿಡೀಬೇಕಮ್ಮ?" ಎಂದು ಕೇಳಿದ, ತಲೆ ಎತ್ತದೆ.

"ಹಿಡಿಯೋಕಲ್ಲಪ್ಪ. ನಿಧಾನ ಮಾಡೋಕೆ. ಹೊಟ್ಟೆಬಾಕ ಕುದುರೆ ಒಂದಿದೆ."

ಆಗ ತಲೆ ಎತ್ತಿದ. "ನಲವತ್ತು ವರ್ಷದಿಂದ ಹೆಣೀತಿದೀನಿ. ನಿಧಾನ ಮಾಡೋಕೆ ಅಂತ ಯಾರೂ ಬಂದಿಲ್ಲ."

ಬಗೆಬಗೆಯ ಹಗ್ಗ ತೋರಿಸಿದ. ನಾನು ಪ್ರತಿಯೊಂದನ್ನೂ ಎಳೆದು ನೋಡಿದೆ, ಹಲ್ಲಲ್ಲಿ ಕಚ್ಚಿಯೂ ನೋಡಿದೆ. ಅವನು ಬಿದ್ದು ಬಿದ್ದು ನಕ್ಕ. ಕೊನೆಗೆ ಆರಿಸಿದ್ದು ಕಡಲಾಳದಲ್ಲಿ ಎಳೆಯುವ ಬಲೆಯ ಕಪ್ಪು ಹುರಿ. ಗಂಟಿಲ್ಲದ ಹೆಣಿಗೆ. ಗಂಟಿದ್ದರೆ ಅಲ್ಲೇ ಸವೆಯುತ್ತದಂತೆ, ಹಲ್ಲಿಗೂ ಅಲ್ಲೇ ಹಿಡಿತ ಸಿಗುತ್ತದಂತೆ. ಕಣ್ಣು ಎಷ್ಟು ಅಗಲ ಎಂದು ಕೇಳಿದ. ಹೆಬ್ಬೆರಳು ತೋರಿಸಿದೆ.

"ಅಷ್ಟು ಸಣ್ಣದಾ? ಪಾಪ!"

"ಪಾಪ ಅಂದವರೆಲ್ಲ ಸೇರಿ ಅವನನ್ನ ಈ ಸ್ಥಿತಿಗೆ ತಂದಿದ್ದು," ಎಂದೆ.

ಇದು ಹರಿಯುವ ಮಾತೇ ಇಲ್ಲ ಎಂದು ಹೇಳಿ ಕಳಿಸಿದ. ಮುಂದಿನ ವಾರ ಕೊಡುತ್ತಾನೆ.

ಸೆಪ್ಟೆಂಬರ್ 28, ಭಾನುವಾರ

ಬಂತು, ಕಪ್ಪು ಬಲೆ ಬಂತು! ಎರಡು ತರಿಸಿದೆ, ಅಜ್ಜಿಗೂ ಒಂದಿರಲಿ ಎಂದು. ಒಂದು ಲಾಯದಲ್ಲಿ ಎರಡು ಕಾನೂನು ಬೇಡ.

ನಿನ್ನೆಯಿಂದ ಲಾಯದಲ್ಲೇ ಕುಳಿತು ನೋಡುತ್ತಿದ್ದೇನೆ. ಗುಡಾಣ ಮೊದಲು ಕಚ್ಚಿ ಜಗ್ಗಿದ. ತಲೆ ಅಲ್ಲಾಡಿಸಿದ. ಬಲೆಯನ್ನು ಗೋಡೆಗೆ ಒತ್ತಿ ಉಜ್ಜಿದ. ಏನೂ ಆಗಲಿಲ್ಲ. ಕಡೆಗೆ ತುಟಿಯ ತುದಿಯಿಂದ ಒಂದು ಎಸಳು, ಮತ್ತೊಂದು ಎಸಳು. ಸಂಜೆಯಾದರೂ ಬಲೆಯಲ್ಲಿ ಹುಲ್ಲಿತ್ತು. ಬಲೆಯ ಮೇಲೆ ಕೈಯಾಡಿಸಿ ನೋಡಿದೆ, ಒಂದು ಜುಂಗೂ ಎದ್ದಿಲ್ಲ. ಎಷ್ಟು ನಯ, ಎಷ್ಟು ಭದ್ರ. ಬಹಳ ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ.

ಇವರು ಗುಡಾಣನಿಗೆ ಹೊಸ ಲಾಳ ಹೊಡೆದರು. ಹಿಮ್ಮಡಿಗೆ ಆಸರೆಯಾಗಲೆಂದು ಹಿಂದಕ್ಕೆ ಸ್ವಲ್ಪ ಉದ್ದ ಬಿಟ್ಟ ಲಾಳ. ಬಲೆಯನ್ನು ಎತ್ತರದ ಬಳೆಗೇ ಕಟ್ಟಬೇಕೆಂದು ಹೇಳಿದರು. ಹುಲ್ಲು ಮುಗಿದಂತೆ ಬಲೆ ಜೋತು ಕೆಳಗಿಳಿಯುತ್ತದೆ, ಲಾಳ ಸಿಕ್ಕಿಕೊಳ್ಳಬಾರದು ಎಂದು. ಆಗಲಿ ಎಂದೆ.

ಅಕ್ಟೋಬರ್ 1, ಬುಧವಾರ

ಮತ್ತೆ ದಾರ ಕೈಕೊಟ್ಟಿತು. ಇಷ್ಟು ಒಳ್ಳೆಯ ಬಲೆ ನೆಲದಲ್ಲಿ ಸಗಣಿಯ ಮಧ್ಯೆ ಬಿದ್ದಿತ್ತು. ತೊಳೆದು ಒಣಗಿಸಿದೆ.

ಹಳೆಯ ಗೇಟಿನ ಕಬ್ಬಿಣದ ಕೊಂಡಿ ತಂದು ಬಲೆಯನ್ನು ನೇರವಾಗಿ ಬಳೆಗೆ ಸಿಕ್ಕಿಸಿದೆ. ಇನ್ನು ಎಳೆಯಲಿ.

ಅಕ್ಟೋಬರ್ 3, ಶುಕ್ರವಾರ

ನನ್ನ ಕೊಂಡಿ ಮಾಯ, ಅಲ್ಲಿ ಮತ್ತೆ ದಾರ. ಇವರ ಕೆಲಸ. ನಾನು ದಾರ ಕತ್ತರಿಸಿ ಕೊಂಡಿ ಹಾಕಿದೆ. ಊಟದ ಹೊತ್ತಿಗೆ ಮತ್ತೆ ದಾರ. ಮತ್ತೆ ಕತ್ತರಿಸಿದೆ. ಈ ವಯಸ್ಸಿನಲ್ಲಿ ಮಕ್ಕಳಾಟ.

"ನೋಡೇ, ನಾನು ಎಷ್ಟು ಕುದುರೆ ಕಾಲು ನೋಡಿದೀನಿ..."

"ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಮಗೆ? ಇನ್ನೊಂದು ಸಲ ಬಂದ್ರೆ ಮುಗೀತು. ನಿಮ್ಮ ಒಂದು ಎಳೆ ದಾರಕ್ಕೆ ನಾನು ಅದರ ಜೀವ ನೇತುಹಾಕಲ್ಲ."

ಇವರು ನನ್ನ ಮುಖವನ್ನೇ ನೋಡಿದರು. "ನಿನ್ನಿಷ್ಟ," ಎಂದು ಕೈ ತೊಳೆಯಲು ಎದ್ದುಹೋದರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು.

ಆಮೇಲೆ ಕೊಂಡಿಯನ್ನು ಯಾರೂ ತೆಗೆದಿಲ್ಲ.

ಅಕ್ಟೋಬರ್ 7, ಮಂಗಳವಾರ

ಬೆಳಗಿನ ಕೆಲಸಕ್ಕೆ ಬರುವ ನನ್ನ ನಾದಿನಿ, ಇವರ ತಂಗಿ, ಇವತ್ತು ಸಿಕ್ಕಿಬಿದ್ದಳು. ತಬ್ಬು ಹುಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಜ್ಜಿಯ ಮುಂದೆ ಸುರಿಯುತ್ತಿದ್ದಳು.

"ಅತ್ತಿಗೆ, ಇವಳು ತಿಂತಾ ಇಲ್ಲ, ಬಲೆ ನೆಕ್ತಾ ಇದ್ದಾಳೆ ಅಷ್ಟೇ. ಆ ಕಣ್ಣಿಂದ ಎಳೆಯೋಕೆ ಹಲ್ಲೆಲ್ಲಿದೆ ಇವಳಿಗೆ? ಪಕ್ಕೆ ನೋಡಿ, ಎಲುಬು ಎಣಿಸ್ಬಹುದು."

"ವಯಸ್ಸಾಯ್ತು, ಇಳಿಯುತ್ತೆ."

"ಇವಳಿಗೇನು ಕಾಯಿಲೆ ಇತ್ತು ಅಂತ ಈ ಶಿಕ್ಷೆ?"

ಶಿಕ್ಷೆಯಂತೆ. ಶಿಸ್ತಿಗೂ ಶಿಕ್ಷೆಗೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ನಾನೇನು ಮಾತಾಡಲಿ. ನಾಳೆಯಿಂದ ಬರಬೇಡ ಎಂದೆ. ಅಳುತ್ತ ಹೋದಳು. ಹುಲ್ಲಿನ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದೇನೆ.

ಅಕ್ಟೋಬರ್ 11, ಶನಿವಾರ

ಡಾಕ್ಟರು ಬಂದಿದ್ದರು. ಗೊರಸು ತಣ್ಣಗಿದೆ. ನಾಡಿ ಸರಿಯಿದೆ. ಹೊಟ್ಟೆ ಕರಗಿದೆ. "ಗೆದ್ದುಬಿಟ್ರಿ ಅಮ್ಮ," ಎಂದರು. ಇವರ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ, ನಾನು ಬಲೆಯನ್ನು ತೋರಿಸುತ್ತಿದ್ದೆ. ಈ ಹೆಣಿಗೆ ನೋಡಿ, ಎರಡು ವಾರವಾಯಿತು, ಒಂದು ಎಳೆ ಸಡಿಲವಾಗಿಲ್ಲ ಎಂದು.

ಡಾಕ್ಟರು ಬಲೆಯ ಕಣ್ಣಿಗೆ ಬೆರಳು ಹಾಕಿ ನೋಡಿದರು. "ಇಷ್ಟು ಬಿಗಿ ಇನ್ನು ಬೇಡ. ದೊಡ್ಡ ಕಣ್ಣಿಂದು ಹಾಕಿ. ಸ್ವಲ್ಪ ಸಡಿಲ ಬಿಡಿ. ಮುದುಕಿಗಂತೂ ಇದನ್ನ ತೆಗೆದೇಬಿಡಿ, ಬಲೆಯೇ ಬೇಡ."

ಹೇಳುವವರಿಗೇನು. ಸಡಿಲ ಬಿಟ್ಟ ಕೂಡಲೇ ಮತ್ತೆ ಹಳೆಯ ಕಥೆ. ಇದು ಸರಿಹೋದದ್ದೇ ಬಿಗಿಯಿಂದ. ತಲೆಯಾಡಿಸಿ ಕಳಿಸಿದೆ.

ಅಕ್ಟೋಬರ್ 14, ಮಂಗಳವಾರ

ಎತ್ತರದಿಂದ ಹುಲ್ಲಿನ ದೂಳು ಉದುರಿ ಕುದುರೆಯ ಕಣ್ಣು ಸೋರುತ್ತಿದೆ. ಬಳೆಯನ್ನು ಕಿತ್ತು, ಎದೆಯ ಮಟ್ಟಕ್ಕೆ ಇಳಿಸಿ, ಹೊಸದಾಗಿ ಸಿಮೆಂಟು ಹಾಕಿದೆ. ಕುದುರೆಗಳು ತಲೆ ತಗ್ಗಿಸಿ ತಿನ್ನುವುದೇ ಸಹಜವಂತೆ. ಇವರು ದಾರಿಯಲ್ಲಿ ನಿಂತು ನೋಡಿದರು. ಬಾಯಿ ತೆರೆದರು, ಮುಚ್ಚಿಕೊಂಡರು. ಒಳ್ಳೆಯದಾಯಿತು.

ಕುದುರೆ ಹೊಸ ಚಾಳಿ ಕಲಿತಿದೆ. ಬಾಯಲ್ಲಿ ಸಾಗದಿದ್ದಾಗ ಮುಂಗಾಲಿನಿಂದ ಬಲೆಗೆ ಒದೆಯುತ್ತದೆ. ಒದೆಯಲಿ. ಬಲೆಗೆ ಏನೂ ಆಗುವುದಿಲ್ಲ.

ಅಕ್ಟೋಬರ್ 17, ಶುಕ್ರವಾರ

ಲಾಯ ಎಷ್ಟು ಶಾಂತವಾಗಿದೆ. ಮೊದಲು ನನ್ನ ಹೆಜ್ಜೆ ಸದ್ದಿಗೇ ಕೆನೆದು ಮನೆ ಎಬ್ಬಿಸುತ್ತಿತ್ತು. ಈಗ ತಿರುಗಿಯೂ ನೋಡುವುದಿಲ್ಲ, ಬಲೆಯ ಮುಂದೆ ನಿಂತಿರುತ್ತದೆ. ಹತ್ತಿರ ಹೋದರೆ ಕಿವಿ ಹಿಂದಕ್ಕೆ ಮಡಚುತ್ತದೆ.

ಮನೆಯಲ್ಲೂ ಸದ್ದಿಲ್ಲ. ಇವರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ತಂಗಿಯ ಮನೆಗೆ ಹೋಗಿಬರುತ್ತಾರೆ.

ಎಲ್ಲ ಒಂದು ಹದಕ್ಕೆ ಬಂದಿದೆ.

ಅಕ್ಟೋಬರ್ 20, ಸೋಮವಾರ

ಬರೆಯಬೇಕು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಟೀ ಕುಡಿಯುತ್ತ ಕುಳಿತಿದ್ದಾಗ ಲಾಯದಿಂದ ದಡಬಡ ಸದ್ದು ಬಂತು. ಎಂದಿನ ಒದೆತ ಎಂದುಕೊಂಡೆ. ಲೋಟ ಮುಗಿಸಿದೆ. ಲೋಟ ತೊಳೆದಿಟ್ಟೆ. ಆಗ ಅವನು ಕೂಗಿದ. ಕೆನೆತವಲ್ಲ. ಕುದುರೆಯ ಗಂಟಲಿನಿಂದ ಅಂಥದ್ದೊಂದು ಸ್ವರ ಹೊರಡಬಹುದೆಂದು ನನಗೆ ಗೊತ್ತಿರಲಿಲ್ಲ.

ಬಲೆ ಖಾಲಿಯಾಗಿ ಜೋತುಬಿದ್ದಿತ್ತು. ಒದ್ದಾಗ ಲಾಳದ ಹಿಂದಿನ ತುದಿ ಬಲೆಯ ಕಣ್ಣಿಗೆ ಸಿಕ್ಕಿಕೊಂಡಿದೆ. ಎಳೆದಿದ್ದಾನೆ. ಬಿಟ್ಟಿಲ್ಲ. ಇನ್ನೂ ಎಳೆದಿದ್ದಾನೆ, ಜಾರಿ ಬಿದ್ದಿದ್ದಾನೆ. ಕಾಲು ಮೇಲೆ ಬಲೆಯಲ್ಲಿ, ಮೈಯೆಲ್ಲ ಕೆಳಗೆ. ಅಷ್ಟು ದೊಡ್ಡ ಮೈ ಆ ಒಂದು ಕಾಲಿನಿಂದ ಜೋತಿತ್ತು. ಕೊಂಡಿ ತೆಗೆಯಲು ಹೋದೆ, ಆ ಭಾರಕ್ಕೆ ಅದು ಬಾಯಿಯೇ ಬಿಡಲಿಲ್ಲ. ಇವರು ಗೊರಸು ಕೆತ್ತುವ ಚಾಕು ಹಿಡಿದು ಓಡಿಬಂದರು. ಹುರಿಯ ಮೇಲೆ ಚಾಕು ಜಾರುತ್ತಿತ್ತು. ಉಜ್ಜಿದರು, ಉಜ್ಜಿದರು, ಕೈಯಲ್ಲಿ ರಕ್ತ ಬಂತು. ಕಾಲು ಕಳಚಿ ಕೆಳಗೆ ಬಿದ್ದಾಗ ಅದು ಬಾಗಬಾರದ ಕಡೆ ಬಾಗಿತ್ತು.

ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಕಂಕುಳಿಗೆ ಮೂತಿ ತೂರಿಸುತ್ತಾನೇನೋ ಎಂದು ತೋಳು ಎತ್ತಿದೆ. ಕಣ್ಣು ಹೊರಳಿಸಿ ನನ್ನಿಂದ ತಲೆ ಎಳೆದುಕೊಳ್ಳಲು ನೋಡಿದ. ಡಾಕ್ಟರು ಬಂದರು, ಆ ಒಂದೇ ಇಂಜೆಕ್ಷನ್ನು ಕೊಟ್ಟರು. ನನ್ನ ಮಗ, ನನ್ನ ಗುಡಾಣ. ಗೊರಸು ತಣ್ಣಗೇ ಇತ್ತು. ಮೂರನೇ ಸಲ ಬಂದೇ ಇರಲಿಲ್ಲ.

ಡಾಕ್ಟರು ಹೋದ ಮೇಲೆ ಇವರು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ ಕೇಳಿದರು, "ನಾನು ಬಲೆಗೆ ಚಾಕು ಹಾಕಿದಾಗ ನೀನು ಏನಂದೆ ಗೊತ್ತಾ?"

"ಏನಂದೆ?"

"'ಕತ್ತರಿಸ್ಬೇಡಿ, ಬಲೆ ಹಾಳಾಗುತ್ತೆ' ಅಂದೆ."

ನಾನು ಅಂದಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಹಾಗೆ ಅನ್ನುತ್ತಾರೆಯೇ? ಗಾಬರಿಯಲ್ಲಿ ಇವರಿಗೆ ಏನೋ ಕೇಳಿಸಿರಬೇಕು.

ನವೆಂಬರ್ 2, ಭಾನುವಾರ

ಬಹಳ ದಿನ ಬರೆಯಲಾಗಲಿಲ್ಲ. ಅತ್ತದ್ದೂ ಸಾಕಾಯಿತು. ಸುಮ್ಮನೆ ಕುಳಿತರೆ ಲಾಯದ ಖಾಲಿ ಜಾಗ ಕಣ್ಣಿಗೆ ಕಟ್ಟುತ್ತದೆ. ಕೈಗೆ ಕೆಲಸ ಬೇಕಿತ್ತು. ಬಲೆ ಹೆಣೆಯುವವನ ಹತ್ತಿರ ಹೋಗಿ ಅದೇ ಕಪ್ಪು ಹುರಿ ತಂದು, ಇವರು ಕತ್ತರಿಸಿದ ಕಣ್ಣುಗಳನ್ನು ಕೂಡಿಸಿದೆ. ಎಲ್ಲಿ ಕತ್ತರಿಸಿದ್ದರೆಂದು ಈಗ ನನಗೇ ಗೊತ್ತಾಗುವುದಿಲ್ಲ. ಉಳಿದಂತೆ ಒಂದು ಎಳೆಯೂ ಕೆಟ್ಟಿರಲಿಲ್ಲ, ಅಂಥದ್ದೆಲ್ಲ ಆದರೂ.

ಇಷ್ಟು ದಿನ ಇವರು ಅಜ್ಜಿಯನ್ನು ಅಂಗಳದಲ್ಲೇ ಕಟ್ಟಿ, ಎಲ್ಲಿಂದಲೋ ಸಾಲ ತಂದ ಹುಲ್ಲನ್ನು ನೆಲಕ್ಕೆ ಹರಡಿ ಹಾಕುತ್ತಿದ್ದರು. ನಾನು ಏನೂ ಅನ್ನಲಿಲ್ಲ. ದುಃಖ ಅವರಿಗೂ ಇದೆ. ಆದರೆ ಎಷ್ಟು ದಿನ ಅಂತ? ಚಳಿ ಶುರುವಾಗಿದೆ. ಇವತ್ತು ಗುಡಾಣನ ಜಾಗವನ್ನು ತೊಳೆದು, ಹೊಸ ಹಾಸು ಹಾಕಿ, ಹುಲ್ಲು ತುಂಬಿದ ಬಲೆಯನ್ನು ಕೊಂಡಿಗೆ ಸಿಕ್ಕಿಸಿ, ಅಜ್ಜಿಯನ್ನು ಒಳಗೆ ಕರೆತನ್ನಿ ಎಂದು ಕೂಗಿದೆ.

ಇವರು ಹಗ್ಗ ಹಿಡಿದು ಬಾಗಿಲವರೆಗೆ ಬಂದರು. ಅಜ್ಜಿ ಬಲೆ ನೋಡಿ ನಿಂತುಬಿಟ್ಟಳು. ಇವರು ಜಗ್ಗಲಿಲ್ಲ. ಅವರೂ ಬಲೆಯನ್ನೇ ನೋಡಿದರು, ಆಮೇಲೆ ನನ್ನನ್ನು.

"ಇದನ್ನ ಯಾವಾಗ ಹೊಲಿದೆ?" ಎಂದರು.

"ಹೊಲಿದದ್ದು ಗೊತ್ತಾಗುತ್ತಾ?" ಎಂದು ಕೇಳಿದೆ.

ಅವರು ಅಜ್ಜಿಯನ್ನು ತಿರುಗಿಸಿಕೊಂಡು ಗೇಟು ದಾಟಿ, ತಂಗಿಯ ಮನೆಯ ದಾರಿ ಹಿಡಿದರು. ಬರುವಾಗ ಬಟ್ಟೆಬರೆಯ ಒಂದು ಚೀಲವನ್ನೂ ಗೇಟಿನ ಹತ್ತಿರ ತಂದಿಟ್ಟುಕೊಂಡಿದ್ದರೆಂದು ಆಗಲೇ ಕಂಡದ್ದು. ಹೊತ್ತು ಮುಳುಗುತ್ತ ಬಂತು, ಇಬ್ಬರದೂ ಸುಳಿವಿಲ್ಲ.

ಬರುತ್ತಾರೆ. ಹುಲ್ಲಿನ ಕೋಣೆಯ ಬೀಗದ ಕೈ ನನ್ನ ಕೊರಳಲ್ಲಿದೆ, ಅಡುಗೆಮನೆಯದನ್ನೂ ಅದರ ಜೊತೆಗೇ ಪೋಣಿಸಿದ್ದೇನೆ. ಹಸಿವಾದರೆ ಇಬ್ಬರೂ ಬರುತ್ತಾರೆ.